ಚಾರಿಯೊತ್! ಕ್ಯೊಂಗ್ನೆ! ಜುಂಬಿ!

ನಮ್ಮ ಟೇಕ್ವಾಂಡೋ ಸರ್ ಬೈಯೋದು ಕನ್ನಡದಲ್ಲಿ, ತಿದ್ದೋದು ಕನ್ನಡದಲ್ಲಿ, ಫೀಸು ಕೇಳೋದೂ ಕನ್ನಡದಲ್ಲೇ. ಸಾಲು ಕಟ್ಟಿ ನಿಂತೆವೋ, ಆಮೇಲೆ ಬರೀ ಕೊರಿಯನ್. "ಚಾರಿಯೊತ್" ಅಂದರೆ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಲ್ಲಬೇಕು. "ಕ್ಯೊಂಗ್ನೆ" ಅಂದರೆ ಬಾಗಿ ವಂದಿಸಬೇಕು. "ಜುಂಬಿ"ಗೆ ಎಡಗಾಲು ಪಕ್ಕಕ್ಕೆ, ಎರಡೂ ಮುಷ್ಟಿ ಹೊಟ್ಟೆಯ ಮುಂದೆ. "ಸೀಜಾಕ್" ಅಂದರೆ ಶುರು, "ಗುಮಾನ್" ಅಂದರೆ ಸಾಕು, "ಬಾರೋ" ಅಂದರೆ ಮೊದಲಿನ ನಿಲುವಿಗೆ ವಾಪಸ್. ಹೊಸದಾಗಿ ಸೇರಿದ ಹುಡುಗನೊಬ್ಬ "ಬಾರೋ" ಕೇಳಿದ್ದೇ ತಡ ಸಾಲು ಬಿಟ್ಟು ನೇರ ಸರ್ ಹತ್ತಿರ ನಡೆದುಬಿಟ್ಟ. ಅವನದೇನೂ ತಪ್ಪಿಲ್ಲ ಬಿಡಿ.

ಕ್ಲಾಸಿಗೆ ಮೊದಲು ಸೇರಿದ್ದು ಮಗಳು. ಸಮುದಾಯ ಭವನದ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಫೋನ್ ಒತ್ತುತ್ತಾ ಕೂತಿರುತ್ತಿದ್ದ ಅಮ್ಮಂದಿರಲ್ಲಿ ನಾನೂ ಒಬ್ಬಳು. ನಲವತ್ತು ದಾಟಿದ ಮೇಲೆ ಯಾಕೆ ಬಿಳಿ ಬೆಲ್ಟ್ ಕಟ್ಟಿದೆ ಅಂತ ಕೇಳಿದರೆ, ಬೆನ್ನುನೋವು ಅಂತ ಹೇಳಿ ಮುಗಿಸುತ್ತೇನೆ. ಇಲ್ಲಿ ಸಾಲು ನಿಲ್ಲುವುದು ವಯಸ್ಸಿನ ಪ್ರಕಾರ ಅಲ್ಲ, ಬೆಲ್ಟಿನ ಪ್ರಕಾರ. ಮುಂದೆ ಕೆಂಪು, ನೀಲಿ, ಹಸಿರು, ಹಳದಿ. ಕೊನೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳ ಪಕ್ಕ ನಾನು. ಸರ್ ಬಂದಾಗ ಸಾಲಿನ ಹಿರಿಯರು ಕಮಾಂಡ್ ಕೊಡಬೇಕು. ಕೆಂಪು, ನೀಲಿ ಬೆಲ್ಟಿನವರು ಬಾರದ ದಿನ ಆ ಪಾಳಿ ಹಸಿರು ಬೆಲ್ಟಿನ ನನ್ನ ಮಗಳದು. "ಸಾಬೊಮ್‌ನಿಮ್ ಕೆ ಕ್ಯೊಂಗ್ನೆ!" (ಗುರುಗಳಿಗೆ ವಂದನೆ) ಅಂತ ಅವಳು ಕೂಗಿದರೆ ನಾನು ತಲೆ ಬಾಗಿಸಬೇಕು. ಮನೆಯಲ್ಲಿ ತಟ್ಟೆ ಎತ್ತಿಡು ಅಂದರೆ ಹತ್ತು ಸಲ ಹೇಳಿಸಿಕೊಳ್ಳುವ ಹುಡುಗಿ ಇವಳೇನಾ ಅನ್ನಿಸುತ್ತಿತ್ತು.

ಕಮಾಂಡುಗಳನ್ನು ನೋಟ್‌ಬುಕ್ಕಿನಲ್ಲಿ ಅರ್ಥ ಸಮೇತ ಬರೆದುಕೊಂಡಿದ್ದೆ. ಅದರಿಂದ ಆದ ಉಪಯೋಗ ಅಷ್ಟಕ್ಕಷ್ಟೆ. ಅಂಕಿಗಳನ್ನು ಕಲಿಸಿದ್ದು ತೊಡೆ. ಜುಚುಮ್ ಸೊಗಿ ಅಂತ ಒಂದು ನಿಲುವು ಇದೆ: ಕಾಲು ಅಗಲಿಸಿ, ಮಂಡಿ ಮಡಚಿ, ಇಲ್ಲದ ಕುದುರೆಯ ಮೇಲೆ ಕೂತಂತೆ. ಹಾಗೆ ಕೂತು ಗುದ್ದು ಹಾಕುತ್ತಾ ಒಬ್ಬೊಬ್ಬರೂ ಸರದಿಯಲ್ಲಿ ಹತ್ತರವರೆಗೆ ಎಣಿಸಬೇಕು. ಹಾನಾ, ದುಲ್, ಸೆತ್, ನೆತ್, ದಾಸೊತ್, ಯೊಸೊತ್... ಒಬ್ಬ ಪುಟ್ಟ ಹುಡುಗ ಪ್ರತಿಸಲ ಆರಕ್ಕೆ ನಿಂತುಬಿಡುತ್ತಿದ್ದ. ಅವನಿಗೆ ಏಳು ನೆನಪಾಗುವವರೆಗೆ ಯಾರೂ ಎದ್ದೇಳುವ ಹಾಗಿಲ್ಲ. ತೊಡೆ ಗಡಗಡ ನಡುಗುತ್ತಾ, ಬೆವರು ಮೂಗಿನ ತುದಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತಾ ಇಡೀ ಸಾಲು ಪಿಸುಗುಡುತ್ತಿತ್ತು: "ಇಲ್ಗೊಪ್... ಲೋ, ಇಲ್ಗೊಪ್ ಅನ್ನೋ!" ಆಮೇಲೆ ಯೊದೊಲ್, ಆಹೊಪ್, ಯೊಲ್. ಆ ಏಳನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಉಚ್ಚಾರಣೆಯ ಪಾಡು ಬೇರೆ. ಕೊನೆಗೆ ಒಂದು ಉಕಾರ ಅಂಟಿಸದಿದ್ದರೆ ನಮ್ಮ ನಾಲಿಗೆಗೆ ಸಮಾಧಾನವಿಲ್ಲ: ದುಲ್ಲು, ಸೆತ್ತು, ನೆತ್ತು. "ತ್ ಅಂದ ತಕ್ಷಣ ಬಾಯಿ ಬಂದ್ ಮಾಡ್ರಿ, ಉಸಿರು ಹೊರಗೆ ಬರಬಾರದು" ಅಂತ ಸರ್ ಎಷ್ಟು ಹೇಳಿದರೂ ಅಷ್ಟೆ.

ಇಷ್ಟು ಸಾಲದು ಅಂತ ಇನ್ನೊಂದು ಎಣಿಕೆ. ಒದೆತ, ಗುದ್ದು ಎಣಿಸಲು ಹಾನಾ, ದುಲ್. ಪೂಮ್ಸೆಗಳಿಗೆ, ಅಂದರೆ ಚಲನೆಗಳನ್ನು ಕ್ರಮವಾಗಿ ಹೆಣೆದ ಪಾಠಗಳಿಗೆ, ಚೀನೀ ಮೂಲದ ಇಲ್, ಇ, ಸಾಮ್, ಸಾ. ತೇಗುಕ್ ಅನ್ನುವ ಸರಣಿಯಲ್ಲಿ ಇಲ್ ಜಾಂಗ್, ಅಂದರೆ ಒಂದನೇ ಪಾಠದಿಂದ ಪಾಲ್ ಜಾಂಗ್‌ವರೆಗೆ ಎಂಟು. ಒಂದೇ ಭಾಷೆಯಲ್ಲಿ ಎರಡೆರಡು ಎಣಿಕೆ ಯಾಕಪ್ಪಾ ಎಂದು ಮನೆಯಲ್ಲಿ ಗೊಣಗಿದೆ. ಕ್ಯಾಲೆಂಡರ್ ಮುಂದೆ ನಿಂತಿದ್ದ ಅತ್ತೆ, "ನಾವು ತೆಂಗಿನಕಾಯಿ ಒಂದು, ಎರಡು ಅಂತೀವಿ, ತಿಥಿಗೆ ಪಾಡ್ಯ, ಬಿದಿಗೆ ಅನ್ನಲ್ವಾ?" ಅಂದರು. ಅವತ್ತಿನಿಂದ ಗೊಂದಲ ಬಿಟ್ಟಿತು.

ಒಬ್ಬರು ಅಪ್ಪ ಸರ್ ಅವರನ್ನೇ ಕೇಳಿದ್ದರು, ಇದನ್ನೆಲ್ಲ ಕನ್ನಡದಲ್ಲೇ ಹೇಳಬಾರದಾ ಅಂತ. ಗೋಡೆಯಲ್ಲಿ ತೂಗುಹಾಕಿದ್ದ, ಸೋಲ್‌ನ ಟೇಕ್ವಾಂಡೋ ಕೇಂದ್ರ ಕುಕ್ಕಿವಾನ್ ಕೊಟ್ಟ ತಮ್ಮ ಬ್ಲ್ಯಾಕ್ ಬೆಲ್ಟ್ ಸರ್ಟಿಫಿಕೇಟ್ ಕಡೆ ಕೈ ತೋರಿಸಿ ಸರ್ ಹೇಳಿದರು: "ನಾಳೆ ನಿಮ್ಮ ಹುಡುಗ ಹೊರಗೆ ಆಡಕ್ಕೆ ಹೋದ್ರೆ ರೆಫ್ರಿ ಕನ್ನಡದಲ್ಲಿ ಹೇಳ್ತಾನೇನ್ರಿ?" ಕನ್ನಡದ ಅಭಿಮಾನಿಯಾದ ನನಗೂ ಈ ಮಾತು ಒಪ್ಪಿಗೆಯೇ. 2000ದ ಸಿಡ್ನಿಯಿಂದ ಟೇಕ್ವಾಂಡೋ ಒಲಿಂಪಿಕ್ ಪದಕದ ಆಟ. 2024ರಲ್ಲಿ ಪ್ಯಾರಿಸ್ಸಿನ ಗ್ರಾಂ ಪಲೆಯಲ್ಲಿ ನಡೆದ ಪಂದ್ಯಗಳನ್ನು ಮಗಳ ಜೊತೆ ನೋಡಿದೆ. ಆಡುವವರು ಯಾವ ದೇಶದವರಾದರೂ ನೀಲಿಯವರು "ಚುಂಗ್", ಕೆಂಪಿನವರು "ಹೊಂಗ್". ಇಬ್ಬರೂ ತಬ್ಬಿಕೊಂಡು ನಿಂತರೆ ಬಿಡಿಸಲು "ಕಾಲ್ಯೊ", ಮತ್ತೆ ಆಡಿಸಲು "ಕ್ಯೆಸೊಕ್". ಕಾಮೆಂಟರಿಯ ದನಿ ಆರಿಸಿದ್ದರೂ ನಮಗೇನೂ ತೊಂದರೆ ಆಗಲಿಲ್ಲ.

ನನ್ನ ಹಳದಿ ಬೆಲ್ಟ್ ಟೆಸ್ಟ್ ಒಂದು ಭಾನುವಾರ, ಶಾಲೆಯೊಂದರ ಹಾಲ್‌ನಲ್ಲಿ. ಪರೀಕ್ಷಕರು ಬೇರೆ ಊರಿನವರು, ನರೆಗೂದಲ ಗಂಭೀರ ಮನುಷ್ಯ. ಕಮಾಂಡ್ ಬಿಟ್ಟು ಒಂದು ಮಾತಿಲ್ಲ. ತೇಗುಕ್ ಇಲ್ ಜಾಂಗ್, 18 ಚಲನೆ. ಎಡಕ್ಕೆ ತಿರುಗಿ ಆರೆ ಮಾಕಿ, ಅಂದರೆ ಕೆಳಗೆ ತಡೆ, ಒಂದು ಹೆಜ್ಜೆ ಮುಂದಿಟ್ಟು ಗುದ್ದು, ಹಿಂದಕ್ಕೆ ತಿರುಗಿ ಅದೇ ಮತ್ತೆ. ಮೊದಲು ಅವರು ಎಣಿಸಿದರು, ನಾವು ಮಾಡಿದೆವು. ಅವರ ದನಿ ಒಂದು ಕೈಯನ್ನು ಎತ್ತುತ್ತಿತ್ತು, ಇನ್ನೊಂದನ್ನು ಇಳಿಸುತ್ತಿತ್ತು. ನಮಗೆ ಯೋಚನೆಯ ಕೆಲಸವೇ ಇರಲಿಲ್ಲ. ಮುಗಿಯುತ್ತಲೇ "ಬಾರೋ", "ಜುಂಬಿ", ಆಮೇಲೆ "ಕುರಿಯೋಂಗ್ ಒಪ್ಸಿ".

ಅಂದರೆ ಎಣಿಕೆ ಇಲ್ಲದೆ. "ಸೀಜಾಕ್" ಅಂದು ಪೆನ್ನು ಹಿಡಿದು ಕೂತುಬಿಟ್ಟರು. ಐದಾರು ಚಲನೆಯವರೆಗೆ ಎಲ್ಲರೂ ಒಟ್ಟಿಗೇ ಇದ್ದೆವು, ಆಮೇಲೆ ಒಬ್ಬೊಬ್ಬರ ಗಡಿಯಾರ ಒಂದೊಂದು ಥರ. ಪಕ್ಕದ ಹುಡುಗ ಬಸ್ ಹಿಡಿಯುವವನ ಹಾಗೆ ಮುಗಿಸಿ ನಿಂತ. ಇನ್ನೊಬ್ಬಳು ನನ್ನನ್ನು ಓರೆಗಣ್ಣಲ್ಲಿ ನೋಡಿ ಮಾಡುತ್ತಿದ್ದಳು, ಪಾಪ, ಸಿಕ್ಕಿದ್ದು ನಾನು! ಒಳಗೊಳಗೇ ಎಣಿಸುತ್ತಿದ್ದೆ, ಅದೂ ಕೊರಿಯನ್ನಿನಲ್ಲೇ. ಹತ್ತು ದಾಟಿದ ಮೇಲಿನ ಅಂಕಿ ಕಲಿತಿರಲಿಲ್ಲವಾಗಿ ಯೊಲ್ ಆದಮೇಲೆ ಪುನಃ ಹಾನಾ. ಎರಡನೇ ಸುತ್ತಿನ ಯೊದೊಲ್‌ಗೆ ಕೊನೆಯ ಗುದ್ದು, ಜೊತೆಗೆ ಕಿಹಾಪ್. ನನ್ನ ಗಂಟಲಿನಿಂದ ಅಂಥ ಕೂಗು ಬಂದೀತೆಂದು ನನಗೇ ಗೊತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ವಾಚ್‌ಮನ್ ಒಳಗೆ ಇಣುಕಿ ನೋಡಿದ.

ಪಾಸಾದೆ. ಈಗ ಇ ಜಾಂಗ್ ಕಲಿಯಬೇಕು. ರಾತ್ರಿ ಊಟ ಆದಮೇಲೆ ಹೇಳಿಕೊಡು ಅಂತ ಮಗಳನ್ನು ಕೇಳಿದರೆ ಅವಳದು ಒಂದೇ ಷರತ್ತು: "ಹೇಳ್ಕೊಡ್ತೀನಿ ಅಮ್ಮಾ, ಮೊದಲು ಕ್ಯೊಂಗ್ನೆ ಮಾಡು."