ಹೊಸ ಪರ್ಫಾರ್ಮೆನ್ಸ್ ಸೆಡಾನ್‌ನಲ್ಲಿ ಮನೆಮಂದಿಯೆಲ್ಲ: ತುಮಕೂರಿನಿಂದ ಕರಾವಳಿಗೆ

ಹೊಸ ಕಾರು ಬಂದರೆ ತುಮಕೂರಿನ ಕಡೆ ಪೂಜೆಗೆ ದೇವರಾಯನದುರ್ಗಕ್ಕೋ ಗೊರವನಹಳ್ಳಿಗೋ ಒಯ್ಯುವುದು ರೂಢಿ. ಕರಾವಳಿಗೆ ಲಾಂಗ್ ಟ್ರಿಪ್ ಮನಸ್ಸಿನಲ್ಲಿದ್ದರೆ ದೇವರಾಯನದುರ್ಗವನ್ನೇ ಆರಿಸಿಕೊಳ್ಳಿ. ಊರಿಂದ ಸುಮಾರು 15 ಕಿ.ಮೀ., ದಾರಿಯಲ್ಲಿ ಹಂಪುಗಳಿವೆ, ಕೊನೆಯಲ್ಲಿ ಬೆಟ್ಟದ ತಿರುವುಗಳಿವೆ. ಟ್ರಿಪ್ಪಿಗೆ ಎಷ್ಟು ಜನ ಹೊರಡುತ್ತೀರೋ ಅಷ್ಟೂ ಜನರನ್ನು ಕೂರಿಸಿ, ಅವವೇ ಬ್ಯಾಗುಗಳನ್ನು ಡಿಕ್ಕಿಗೆ ತುಂಬಿ ಒಮ್ಮೆ ಹತ್ತಿಳಿಯಿರಿ. ಕಾರಿನ ಹೊಟ್ಟೆ ಎಲ್ಲಿ ಉಜ್ಜುತ್ತದೆ, ಹಿಂದಿನ ಸೀಟಿನ ನಡುವೆ ಕೂತವರು ಎಷ್ಟು ಹೊತ್ತಿಗೆ ಗೊಣಗಲು ಶುರು ಮಾಡುತ್ತಾರೆ, ಯಾವ ಮಗುವಿಗೆ ವಾಂತಿ ಬರುತ್ತದೆ ಎಂಬುದೆಲ್ಲ ಒಂದೇ ಗಂಟೆಯಲ್ಲಿ ಗೊತ್ತಾಗುತ್ತದೆ. ದೂರದ ಸಾಗರ ಪಟ್ಟಣದ ಹತ್ತಿರ ಗೊತ್ತಾಗುವುದಕ್ಕಿಂತ ಇಲ್ಲೇ ಗೊತ್ತಾಗುವುದು ಮೇಲು. ಪೂಜೆ ಮುಗಿದ ಮೇಲೆ ಮುಂದಿನ ಗ್ರಿಲ್ಲಿಗೆ ಹಾಕಿದ ಹಾರ ತೆಗೆಯಿರಿ. ಅಲ್ಲಿ ರೇಡಾರ್ ಸೆನ್ಸರ್ ಇದ್ದರೆ ಅದು ಕುರುಡಾಗುತ್ತದೆ, ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರಿಗೆ ಗಾಳಿಯೂ ತಪ್ಪುತ್ತದೆ.

ಪರ್ಫಾರ್ಮೆನ್ಸ್ ಸೆಡಾನ್ ಅಂದರೆ ಇಲ್ಲಿ 150 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್ (ಎಳೆಯುವ ಬಲ) ಕೊಡುವ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 160 ಪಿಎಸ್‌ನ ಹ್ಯುಂಡೈ ವೆರ್ನಾ ಟರ್ಬೊದಿಂದ ಹಿಡಿದು ಮೂರು ಲೀಟರ್, ಆರು ಸಿಲಿಂಡರಿನ ಬಿಎಂಡಬ್ಲ್ಯು ಎಂ340ಐ ತನಕ. ಬೆಲೆಯಲ್ಲಿ ಅಜಗಜಾಂತರ, ಆದರೆ ಮನೆಮಂದಿಯನ್ನು ತುಂಬಿಕೊಂಡು ಹೊರಟಾಗ ತೊಂದರೆ ಕೊಡುವ ಜಾಗಗಳು ಹೆಚ್ಚುಕಮ್ಮಿ ಒಂದೇ. ಎಂಜಿನ್ ಯಾವತ್ತೂ ಸಾಲದೆ ಬರುವುದಿಲ್ಲ. ಟೈರಿನ ಪಕ್ಕದ ಗೋಡೆ, ನೆಲಕ್ಕೂ ಹೊಟ್ಟೆಗೂ ನಡುವಿನ ಅಂತರ, ಹೊರುವ ಭಾರ, ಈ ಮೂರನ್ನು ನೋಡಿಕೊಂಡೇ ದಾರಿ ಮತ್ತು ದಿನ ಎರಡನ್ನೂ ಗೊತ್ತು ಮಾಡಬೇಕು.

ಮೊದಲು ರನ್ನಿಂಗ್-ಇನ್, ಅಂದರೆ ಹೊಸ ಎಂಜಿನ್ನನ್ನು ಮೆಲ್ಲಗೆ ಪಳಗಿಸುವುದು. ಕಾರಿನ ಜೊತೆ ಬರುವ ಮ್ಯಾನುಯಲ್ ಪುಸ್ತಕದಲ್ಲಿ ನಿಮ್ಮ ಕಾರಿಗೆ ಎಷ್ಟು ಬರೆದಿದೆಯೋ ಅದೇ ಲೆಕ್ಕ. ಸಾಮಾನ್ಯವಾಗಿ 1,000ದಿಂದ 2,000 ಕಿ.ಮೀ. ಅಲ್ಲಿಯವರೆಗೆ ಆಕ್ಸಿಲರೇಟರನ್ನು ಪೂರ್ತಿ ಒತ್ತುವಂತಿಲ್ಲ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಕೆಂಪು ಗೆರೆಯ ಮೂರನೇ ಎರಡು ಭಾಗ ದಾಟುವಂತಿಲ್ಲ. ಜನ ಮರೆಯುವುದು ಇದರ ಇನ್ನೊಂದು ಮಗ್ಗುಲನ್ನು. ಹೈವೇ ಹತ್ತಿ ಕ್ರೂಸ್ ಕಂಟ್ರೋಲ್ ಹಾಕಿ ಎರಡು ಗಂಟೆ ಒಂದೇ ಆರ್‌ಪಿಎಂನಲ್ಲಿ ಓಡಿಸುವುದೂ ಹೊಸ ಎಂಜಿನ್ನಿಗೆ ಒಳ್ಳೆಯದಲ್ಲ. ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ಸರಿಯಾಗಿ ಕೂರಬೇಕಾದರೆ ಲೋಡು ಏರಿಳಿಯುತ್ತಿರಬೇಕು. ಹೊಸ ಟೈರಿಗೂ ಬ್ರೇಕ್ ಪ್ಯಾಡಿಗೂ ಮೊದಲ ಕೆಲವು ನೂರು ಕಿ.ಮೀ. ಪೂರ್ತಿ ಹಿಡಿತ ಬಂದಿರುವುದಿಲ್ಲ. ಹಾಗಾಗಿ ಓಡೋಮೀಟರಿನಲ್ಲಿ 200 ತೋರಿಸುವ ಕಾರನ್ನು ನೇರ ಘಾಟಿಗೆ ಒಯ್ಯಬೇಡಿ. ಊರೊಳಗೆ, ಕುಣಿಗಲ್, ಮಧುಗಿರಿ ಕಡೆ ಓಡಾಡಿ ಸಾವಿರ ತುಂಬಿಸಿ. ಹೊರಡುವ ಮುನ್ನ ಆಯಿಲ್ ಲೆವೆಲ್ ನೋಡಿ. ಹೊಸ ಟರ್ಬೊ ಎಂಜಿನ್ ಶುರುವಿನಲ್ಲಿ ಸ್ವಲ್ಪ ಆಯಿಲ್ ಕುಡಿಯುವುದುಂಟು. ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡು ಮತ್ತು ಅಪ್ರೂವಲ್ ನಂಬರಿನ ಒಂದು ಲೀಟರ್ ಡಿಕ್ಕಿಯಲ್ಲಿರಲಿ, ಸಣ್ಣ ಊರಲ್ಲಿ ಅದು ಸಿಗುವುದು ಕಷ್ಟ.

ಇನ್ನು ಟೈರು. ಗೋಡೆಯ ಎತ್ತರವನ್ನು ಟೈರಿನ ಮೇಲೆ ಬರೆದ ನಂಬರಿನಿಂದಲೇ ಲೆಕ್ಕ ಹಾಕಬಹುದು. ಬೊಲೆರೊದ 215/75 ಟೈರಿಗೆ 215ರ ಶೇ 75, ಅಂದರೆ 161 ಮಿ.ಮೀ. ಗೋಡೆ. 205/55ಕ್ಕೆ 113 ಮಿ.ಮೀ. 225/45ಕ್ಕೆ 101 ಮಾತ್ರ. ಗುಂಡಿಯ ಅಂಚಿಗೆ ಬಡಿದಾಗ ಆ ನಾಲ್ಕು ಇಂಚು ರಬ್ಬರು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಒಳಗಿನ ನೂಲು ಹರಿಯುತ್ತದೆ. ಮಾರನೇ ದಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಕಾಣಿಸುತ್ತದೆ. ಆ ಉಬ್ಬಿಗೆ ರಿಪೇರಿ ಇಲ್ಲ. ಪಂಕ್ಚರ್ ಅಂಗಡಿಯವನು ‘ಏನಾಗಲ್ಲ ಸಾರ್, ಓಡ್ಸಿ’ ಅಂದರೂ ಆ ಟೈರಿನಲ್ಲಿ ಮನೆಮಂದಿಯನ್ನು ಹೈವೇಗೆ ಕರೆದೊಯ್ಯಬೇಡಿ, ಅದು ಯಾವ ವೇಗದಲ್ಲಿ ಸಿಡಿಯುತ್ತದೆ ಎಂದು ಯಾರೂ ಹೇಳಲಾರರು. ಟ್ಯೂಬ್‌ಲೆಸ್ ಪ್ಲಗ್ ಹಾಕುವುದು ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ, ಗೋಡೆಗಲ್ಲ.

ಗಾಳಿಯ ಲೆಕ್ಕ ಡ್ರೈವರ್ ಬಾಗಿಲಿನ ಕಂಬದ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿರುತ್ತದೆ. ಎರಡು ಸಾಲು ಇರುತ್ತವೆ: ಇಬ್ಬರು ಮೂವರಿಗೆ ಒಂದು, ಪೂರ್ತಿ ಲೋಡಿಗೆ ಇನ್ನೊಂದು. ಐದು ಜನ ಹೊರಟಾಗ ಎರಡನೆಯ ಸಾಲನ್ನೇ ನೋಡಬೇಕು. ಹಿಂದಿನ ಟೈರುಗಳಿಗೆ ಹಲವು ಕಾರುಗಳಲ್ಲಿ ಐದಾರು ಪಿಎಸ್‌ಐ ಜಾಸ್ತಿಯೇ ಬರೆದಿರುತ್ತದೆ. ಇದನ್ನು ಬೆಳಿಗ್ಗೆ, ಟೈರು ತಣ್ಣಗಿದ್ದಾಗಲೇ ಹಾಕಿಸಿ. ಶಿರಾ ದಾಟುವ ಹೊತ್ತಿಗೆ ಟೈರು ಕಾದು ಮೂರು ನಾಲ್ಕು ಪಿಎಸ್‌ಐ ತಾನೇ ಏರಿರುತ್ತದೆ. ಅದನ್ನು ನೋಡಿ ಹೆದರಿ ಗಾಳಿ ಬಿಟ್ಟರೆ ಟೈರು ಇನ್ನಷ್ಟು ಬಾಗಿ ಇನ್ನಷ್ಟು ಕಾಯುತ್ತದೆ. ಗಾಳಿ ಬದಲಿಸಿದ ಮೇಲೆ, ಟೈರಿನ ಗಾಳಿ ಇಳಿದರೆ ಎಚ್ಚರಿಸುವ ಟಿಪಿಎಂಎಸ್ ರೀಸೆಟ್ ಮಾಡುವುದನ್ನು ಬಿಡಬೇಡಿ. ಸ್ಟೆಪ್ನಿ ಇದೆಯೇ ಎಂದು ಕಾರ್ಪೆಟ್ ಎತ್ತಿ ನೋಡಿ. ಈ ಜಾತಿಯ ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಗಾಳಿ ಹೋದರೂ ಓಡುವ ರನ್‌ಫ್ಲಾಟ್ ಟೈರು ಅಥವಾ ತೂತು ಮುಚ್ಚುವ ಸೀಲಂಟ್ ಬಾಟಲಿ ಇರುತ್ತದೆ. ರನ್‌ಫ್ಲಾಟ್ ಸಾಮಾನ್ಯವಾಗಿ 80 ಕಿ.ಮೀ. ವೇಗ ಮೀರದಂತೆ 80 ಕಿ.ಮೀ. ದೂರಕ್ಕೆ ಮಾತ್ರ. ಸಣ್ಣ ಅಳತೆಯ ಸ್ಟೆಪ್ನಿ ಇದ್ದರೆ ಅದರ ಮೇಲೆ ಬರೆದಿರುವ ವೇಗದ ಮಿತಿ ಓದಿಕೊಳ್ಳಿ. ಅಲಾಯ್ ವೀಲಿಗೆ ಕಳ್ಳತನ ತಡೆಯುವ ಬೋಲ್ಟ್ ಇದ್ದರೆ ಅದರ ಕೀ, ಹೆಬ್ಬೆರಳಿನಷ್ಟು ಚಿಕ್ಕದು, ಎಲ್ಲಿದೆ ಎಂದು ಇವತ್ತೇ ಹುಡುಕಿ. ಪಂಕ್ಚರ್ ಆದಾಗ ಕಾಣೆಯಾಗುವುದು ಅದೊಂದೇ.

ಹಂಪಿನ ವಿಷಯಕ್ಕೆ ಬಂದರೆ, ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಊರವರು ಆಕ್ಸಿಡೆಂಟ್ ಆದ ಮಾರನೇ ದಿನ ಹಾಕಿಸುವ ಹಂಪಿಗೆ ಈ ಲೆಕ್ಕ ಗೊತ್ತಿಲ್ಲ. ಅದು ಕಿರಿದು, ಎತ್ತರ ಗೇಣಿಗೆ ಹತ್ತಿರ. ಲೋಡು ತುಂಬಿದ ಕಾರು ಖಾಲಿ ಇದ್ದಾಗಿನದಕ್ಕಿಂತ ಎರಡು ಮೂರು ಸೆಂ.ಮೀ. ತಗ್ಗಿರುತ್ತದೆ. ಬ್ರೇಕನ್ನು ಹಂಪಿನ ಮೇಲೆ ಒತ್ತಿಕೊಂಡೇ ಹೋದರೆ ಮೂತಿ ಮುಂದಕ್ಕೆ ಬಾಗಿ ಕೆಳಗಿನ ಲಿಪ್ ತಾಗುತ್ತದೆ. ಹಂಪಿಗೆ ಒಂದು ಮಾರು ಮೊದಲೇ ವೇಗ ಇಳಿಸಿ, ಚಕ್ರ ಹತ್ತುವ ಹೊತ್ತಿಗೆ ಬ್ರೇಕ್ ಬಿಟ್ಟಿರಬೇಕು. ಮೂತಿ ದಾಟಿತು ಎಂದು ನಿರಾಳವಾಗುವುದೇ ತಪ್ಪು, ಮುಂದಿನ ಹಿಂದಿನ ಚಕ್ರಗಳ ನಡುವೆ ಉದ್ದ ಅಂತರವಿರುವ ಕಾರಿಗೆ ತಾಗುವುದು ನಡುಹೊಟ್ಟೆ. ರಸ್ತೆ ಖಾಲಿ ಇದ್ದರೆ ಓರೆಯಾಗಿ ಹತ್ತಿಸಿ, ಒಂದೊಂದೇ ಚಕ್ರ ಏರಿದರೆ ನಡುಭಾಗ ಒಮ್ಮೆಲೇ ಹಂಪಿನ ಮೇಲೆ ಕೂರುವುದಿಲ್ಲ. ತೀರಾ ಕೆಟ್ಟ ಹಂಪಾದರೆ ಹಿಂದಿನ ಮೂವರನ್ನು ಇಳಿಸಿಬಿಡಿ. ಸ್ಪೋರ್ಟ್ ಮೋಡ್ ಒತ್ತಿದರೆ ಕಾರು ಎತ್ತರವಾಗುತ್ತದೆ ಎಂಬ ನಂಬಿಕೆ ಕೆಲವರಿಗಿದೆ. ಏರ್ ಸಸ್ಪೆನ್ಶನ್ ಇಲ್ಲದ ಕಾರಿನಲ್ಲಿ ಅದು ಹೆಚ್ಚೆಂದರೆ ಡ್ಯಾಂಪರನ್ನು (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಗಟ್ಟಿ ಮಾಡುತ್ತದೆಯೇ ಹೊರತು ಒಂದು ಮಿ.ಮೀ. ಕೂಡ ಎತ್ತುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯ ಒಂದಿದೆ, ಯಾವ ಮ್ಯಾನುಯಲ್ಲಿನಲ್ಲೂ ಬರೆದಿರುವುದಿಲ್ಲ: ರಸ್ತೆಯ ಮೇಲಿನ ಒಕ್ಕಣೆ. ಸುಗ್ಗಿಯಲ್ಲಿ ಹಳ್ಳಿ ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ರಾಗಿ ತೆನೆ ಜಾರುತ್ತದೆ, ಅಷ್ಟೇ. ಹುರುಳಿ ಬಳ್ಳಿ ಹಾಗಲ್ಲ. ಉದ್ದ, ಒಣಗಿದ್ದು, ಹಗ್ಗದ ಹಾಗೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ತಿರುಗುತ್ತಿರುವ ಆಕ್ಸಲ್ ಅದನ್ನು ನೂಲಿನುಂಡೆಯಂತೆ ಸುತ್ತಿಕೊಂಡು ಹೊಟ್ಟೆಯಡಿಗೆ ಎಳೆಯುತ್ತದೆ. ಅಲ್ಲಿ ಎಕ್ಸಾಸ್ಟ್ ಪೈಪು, ಕ್ಯಾಟಲಿಟಿಕ್ ಕನ್ವರ್ಟರು 400 ಡಿಗ್ರಿ ದಾಟಿ ಕಾದಿರುತ್ತವೆ. ಹೀಗೆ ಹುರುಳಿ ಸೊಪ್ಪು ಸಿಕ್ಕಿ ಕಾರು ಹೊತ್ತಿ ಉರಿದ ಸುದ್ದಿ ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆಳಗಿರುವ ಹೊಟ್ಟೆ, ಬಿಸಿ ಟರ್ಬೊ ಎರಡೂ ಇರುವ ಕಾರಿಗೆ ಅಪಾಯ ಇನ್ನೂ ಹತ್ತಿರ. ಕಂಡರೆ ನಿಲ್ಲಿಸಿ, ಸರಿಸಲು ಕೇಳಿ ಅಥವಾ ಬೇರೆ ದಾರಿ ಹಿಡಿಯಿರಿ. ಅಪ್ಪಿತಪ್ಪಿ ದಾಟಿಬಿಟ್ಟರೆ ಮುಂದೆ ಖಾಲಿ ಡಾಂಬರಿನ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ, ಬಗ್ಗಿ ಟಾರ್ಚ್ ಬಿಟ್ಟು ನೋಡಿ. ಸಿಕ್ಕಿದ್ದನ್ನು ಕೋಲಿನಿಂದ ಎಳೆಯಿರಿ, ಬರಿಗೈ ಹಾಕಬೇಡಿ. ಸುಟ್ಟ ವಾಸನೆ ಬರುತ್ತಿದ್ದರೆ ನೋಡುತ್ತ ನಿಲ್ಲದೆ ದೂರ ಹೋಗಿ. ಬೆಂಕಿ ಆರಿಸುವ ಒಂದು ಕೆ.ಜಿ.ಯ ಎಬಿಸಿ ಪೌಡರ್ ಸಿಲಿಂಡರ್ ಡಿಕ್ಕಿಯ ತಳದಲ್ಲಲ್ಲ, ಮುಂದಿನ ಸೀಟಿನ ಕೈಗೆ ಸಿಗುವ ಕಡೆ ಇರಲಿ.

ಭಾರದ ಲೆಕ್ಕ ಸುಲಭ. 70 ಕೆ.ಜಿ.ಯಂತೆ ಐವರು 350, ಸಾಮಾನು 80–100. ಬಹುತೇಕ ಸೆಡಾನ್ ಹೊರುವ ಮಿತಿ ಅಲ್ಲಿಗೇ ಮುಗಿಯುತ್ತದೆ. ವರ್ಟಸ್, ಸ್ಕೋಡಾ ಸ್ಲಾವಿಯಾಗಳ ಡಿಕ್ಕಿ 521 ಲೀಟರು, ಆದರೆ ಬಾಯಿ ಕಿರಿದು. ಗಟ್ಟಿ ಸೂಟ್‌ಕೇಸ್ ಎರಡಕ್ಕಿಂತ ಹೆಚ್ಚು ಬೇಡ, ಉಳಿದದ್ದು ಮೆತ್ತನೆಯ ಬ್ಯಾಗು. ಭಾರದ್ದು ಕೆಳಗೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿದಂತೆ. ಹಿಂದಿನ ಚಕ್ರಕ್ಕೂ ಓಟ ಕೊಡುವ ಕಾರುಗಳಲ್ಲಿ ನಡುವೆ ಎತ್ತರದ ದಿಂಡು ಬರುತ್ತದೆ, ಅಲ್ಲಿ ದೊಡ್ಡವರನ್ನು 350 ಕಿ.ಮೀ. ಕೂರಿಸುವುದು ಅನ್ಯಾಯ. ಇಂಥ ಕಾರು ನಾಲ್ಕು ಜನರದ್ದು ಎಂದು ಒಪ್ಪಿಕೊಂಡರೆ ಅರ್ಧ ಜಗಳ ಮುಗಿದಂತೆ. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಲೇಬೇಡಿ, ಏರ್‌ಬ್ಯಾಗ್ ಬಿಚ್ಚಿದರೆ ಮಗು ನಡುವೆ ಸಿಕ್ಕುತ್ತದೆ. ಚೈಲ್ಡ್ ಸೀಟನ್ನು ಹಿಂದಿನ ಪಕ್ಕದ ಸೀಟಿನಲ್ಲಿರುವ ಐಸೋಫಿಕ್ಸ್ ಕೊಂಡಿಗೆ ಸಿಕ್ಕಿಸಿ, ಅದರ ಮೇಲಿನ ಪಟ್ಟಿ, ಅಂದರೆ ಟಾಪ್ ಟೆದರ್, ಬಿಗಿಯಿರಿ.

ಕರಾವಳಿಗೆ ದಾರಿ ಎರಡು. ಬಿ.ಎಚ್. (ಬೆಂಗಳೂರು–ಹೊನ್ನಾವರ) ರಸ್ತೆಯ ಹೆಸರಲ್ಲೇ ಹೊನ್ನಾವರವಿದೆ: ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ, ಗೇರುಸೊಪ್ಪೆ ಘಾಟಿ. ಸುಮಾರು 360 ಕಿ.ಮೀ. ದೂರ ಕಡಿಮೆ, ಆದರೆ ಎರಡು ಪಥದ ತುಂಡುಗಳು, ಡೈವರ್ಷನ್, ಹಂಪು, ತೆಂಗಿನಕಾಯಿ ಲಾರಿ ಎಲ್ಲ ಇವೆ. ಇನ್ನೊಂದು ಎನ್‌ಎಚ್-48 ಹಿಡಿದು ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರ, ಅರಬೈಲ್ ಘಾಟಿ, ಅಂಕೋಲಾ. ನೂರು ಕಿ.ಮೀ.ಗೂ ಮೇಲೆ ಹೆಚ್ಚು. 45 ಪ್ರೊಫೈಲ್ (225/45ರಂತೆ ಕೊನೆಯ ನಂಬರು 45) ಅಥವಾ ಅದಕ್ಕಿಂತ ತೆಳ್ಳಗಿನ ಟೈರು, ಹಿಂದೆ ಮಕ್ಕಳು ಇದ್ದರೆ ಗೋಕರ್ಣಕ್ಕೆ ಈ ಸುತ್ತು ದಾರಿಯೇ ವಾಸಿ. ಹೊನ್ನಾವರ, ಮುರ್ಡೇಶ್ವರಕ್ಕಾದರೆ ಬಿ.ಎಚ್. ರಸ್ತೆಯಲ್ಲೇ ಹೋಗಿ, ಬೆಳಕಿರುವಾಗ ಮಾತ್ರ. ಕತ್ತಲಲ್ಲಿ ಗುಂಡಿ ಕಾಣುವ ಹೊತ್ತಿಗೆ ಟೈರು ಅದರೊಳಗಿರುತ್ತದೆ. ಐದಕ್ಕೇ ಹೊರಡಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎರಡೂ ದಾರಿಗೆ ಉಲ್ಟಾ, ಅದರ ಆಸೆ ಬಿಡಿ. ಎನ್‌ಎಚ್-48ರಲ್ಲಾದರೆ ದಾವಣಗೆರೆಯ ಬೆಣ್ಣೆ ದೋಸೆ ಸರಿಯಾದ ಹೊತ್ತಿಗೆ ಸಿಗುತ್ತದೆ.

ಎರಡು ಪಥದ ರಸ್ತೆಯಲ್ಲಿ ಕಾರಿನ ಶಕ್ತಿ ನಿಜವಾಗಿ ಉಪಯೋಗಕ್ಕೆ ಬರುವುದು ಓವರ್‌ಟೇಕಿನಲ್ಲಿ. 60ರಲ್ಲಿ ಹೋಗುತ್ತಿರುವ 18 ಮೀಟರಿನ ಟ್ರೇಲರನ್ನು ಹಿಂದೆ 20, ಮುಂದೆ 20 ಮೀಟರ್ ಬಿಟ್ಟು ದಾಟಲು ನಿಮ್ಮ ಕಾರಿನ ಉದ್ದವೂ ಸೇರಿ ಅದಕ್ಕಿಂತ 62 ಮೀಟರ್ ಹೆಚ್ಚು ಓಡಬೇಕು. ಸರಾಸರಿ 20 ಕಿ.ಮೀ. ಹೆಚ್ಚು ವೇಗದಲ್ಲಾದರೆ 11 ಸೆಕೆಂಡು. ಎದುರಿನವನು 80ರಲ್ಲಿದ್ದರೆ ಸುಮಾರು 500 ಮೀಟರ್ ಖಾಲಿ ರಸ್ತೆ ಬೇಕು. 35 ಕಿ.ಮೀ. ಹೆಚ್ಚಾದರೆ ಆರೂವರೆ ಸೆಕೆಂಡು, 310 ಮೀಟರ್ ಸಾಕು. ಆದರೆ ಗೇರ್‌ಬಾಕ್ಸ್ ತಾನೇ ಕೆಳಗಿನ ಗೇರಿಗೆ ಇಳಿಯಲು ಅರೆಕ್ಷಣ ಯೋಚಿಸುತ್ತದೆ. ಹಾಗಾಗಿ ಲಾರಿಯ ಹಿಂದಿರುವಾಗಲೇ ಸ್ಟೀರಿಂಗ್ ಹಿಂದಿನ ಪ್ಯಾಡಲಿನಿಂದ ಗೇರ್ ಇಳಿಸಿಟ್ಟುಕೊಳ್ಳಿ. ಕಾರನ್ನು ಪಥದೊಳಗೇ ಇಡಲು ತಾನೇ ಸ್ಟೀರಿಂಗ್ ತಿರುಗಿಸುವ ಲೇನ್ ಅಸಿಸ್ಟ್ ಇದ್ದರೆ ಇಂಥ ರಸ್ತೆಯಲ್ಲಿ ಆಫ್ ಮಾಡಿ, ಗುಂಡಿ ತಪ್ಪಿಸುವಾಗ ಸ್ಟೀರಿಂಗ್ ಎಳೆದಾಡುತ್ತದೆ.

ನಾಲ್ಕು ಪಥದಲ್ಲಿ ಶಕ್ತಿ ತೋರಿಸಲು ಹೋಗಬೇಡಿ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ಕಿ.ಮೀ. ದಾಟಿದರೆ ಎಫ್‌ಐಆರ್. ಮಳೆಗಾಲದ ಗಾಳಿಯಲ್ಲಿ ಹಿರಿಯೂರು, ಚಿತ್ರದುರ್ಗದ ಬಯಲಲ್ಲಿ ಲಾರಿಯ ಮರೆಯಿಂದ ಹೊರಬಂದಾಗ ಅಡ್ಡಗಾಳಿ ಕಾರನ್ನು ತಳ್ಳುತ್ತದೆ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ತುಮಕೂರಿನಿಂದ ಹುಬ್ಬಳ್ಳಿಗೆ ಶಿರಾ ಹತ್ತಿರದ್ದು, ಗುಯಿಲಾಳು, ಹೆಬ್ಬಾಳು, ಚಳಗೇರಿ, ಬಂಕಾಪುರ ಎಂದು ಸಾಲು ಟೋಲುಗಳು. 2025ರಲ್ಲಿ 3,000 ರೂಪಾಯಿಗೆ ಶುರುವಾದ ವಾರ್ಷಿಕ ಫಾಸ್ಟ್‌ಟ್ಯಾಗ್ ಪಾಸ್ 200 ಟ್ರಿಪ್ಪಿಗೆ ಅಥವಾ ಒಂದು ವರ್ಷಕ್ಕೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ, ರಾಷ್ಟ್ರೀಯ ಹೆದ್ದಾರಿಯಲ್ಲಿ ಮಾತ್ರ. ಹೆದ್ದಾರಿ ಸಹಾಯಕ್ಕೆ 1033.

ಪೆಟ್ರೋಲಿನಲ್ಲಿ ಈಗ ಶೇ 20 ಎಥನಾಲ್. ಲೀಟರಿಗೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ, ಹಾಗಾಗಿ ಮೈಲೇಜಿನಲ್ಲಿ ಆರೇಳು ಪರ್ಸೆಂಟ್ ಹೋಯಿತೆಂದೇ ಲೆಕ್ಕ ಹಾಕಿ. ಟ್ಯಾಂಕ್ ಮುಚ್ಚಳದ ಒಳಗೆ ಬರೆದ ಆಕ್ಟೇನ್ (ಪೆಟ್ರೋಲಿನ ದರ್ಜೆಯ ನಂಬರು) ನೋಡಿಕೊಂಡು, ಹೆಚ್ಚು ಆಕ್ಟೇನಿನ ಪೆಟ್ರೋಲ್ ಬೇಕಾದ ಕಾರಾದರೆ ದೊಡ್ಡ ಊರಿನಲ್ಲೇ ತುಂಬಿಸಿ, ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಸಿ ಘಾಟಿಗೆ ಇಳಿಯಬೇಡಿ.

ಘಾಟಿ ಇಳಿಯುವಾಗ ಮ್ಯಾನುಯಲ್ ಮೋಡಿನಲ್ಲಿ ಎರಡು ಮೂರನೇ ಗೇರು, ಬ್ರೇಕು ತಿರುವಿಗೆ ಮೊದಲು ಒಂದೇ ಸಲ ಗಟ್ಟಿಯಾಗಿ, ಆಮೇಲೆ ಪೂರ್ತಿ ಬಿಡುವುದು. ಸುಮ್ಮನೆ ಕಾಲು ಊರಿಕೊಂಡೇ ಇಳಿದರೆ ಪ್ಯಾಡು ಕಾದು ಹಿಡಿತ ಬಿಡುತ್ತದೆ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನವರು ಏರಿನಲ್ಲಿ ಲಾರಿ ಸಾಲು ನಿಂತಾಗ ಆಕ್ಸಿಲರೇಟರಿನ ಮೇಲೆ ಕಾರನ್ನು ಹಿಡಿದು ನಿಲ್ಲಿಸಬಾರದು, ಅಲ್ಲಿ ಉಜ್ಜುತ್ತಿರುವುದು ಕ್ಲಚ್ಚು. ನಿಂತಾಗ ಬ್ರೇಕನ್ನು ತಾನೇ ಹಿಡಿದಿಡುವ ಆಟೊ ಹೋಲ್ಡ್ ಹಾಕಿ, ಮುಂದೆ ಎರಡು ಕಾರಿನಷ್ಟು ಜಾಗ ಆದ ಮೇಲೆ ಒಮ್ಮೆಲೇ ಹೋಗಿ. ಮೋಡ್ ಕಂಫರ್ಟಿನಲ್ಲೇ ಇರಲಿ. ಮಕ್ಕಳಿಗೆ ವಾಂತಿ ತರಿಸುವುದು ತಿರುವು ಮಾತ್ರವಲ್ಲ, ಸ್ಪೋರ್ಟ್ ಮೋಡಿನ ಎಳೆತ, ತಳ್ಳಾಟವೂ ಹೌದು.

ತಲುಪಿದ ಮೇಲೆ ಕೊನೆಯ ಒಂದೆರಡು ಕಿ.ಮೀ. ನಿಧಾನವಾಗಿ ಓಡಿಸಿ, ಒಂದು ನಿಮಿಷ ಐಡ್ಲಿನಲ್ಲಿ ಬಿಟ್ಟು ಆಫ್ ಮಾಡಿ, ಟರ್ಬೊ ತಣ್ಣಗಾಗಲಿ. ಬಿಸಿ ಡಿಸ್ಕಿಗೆ ತಕ್ಷಣ ನೀರು ಹೊಡೆಯಬೇಡಿ. ಕಡಲ ಮರಳಿನ ಮೇಲೆ ಇಳಿಸುವುದಂತೂ ಬೇಡ: ಅಗಲ ಟೈರಾದರೂ ಚಕ್ರ ಎರಡು ಸುತ್ತು ಜಾರಿದರೆ ಹೊಟ್ಟೆ ನೆಲಕ್ಕೆ ಕೂರುತ್ತದೆ, ಟ್ರ್ಯಾಕ್ಟರ್ ಬರುವ ತನಕ ಏಳುವುದಿಲ್ಲ. ಎಳೆಯುವ ಕೊಂಡಿ ಟೂಲ್‌ಕಿಟ್ಟಿನಲ್ಲಿ ಬಿಡಿಯಾಗಿರುತ್ತದೆ, ಬಂಪರಿನ ಚಿಕ್ಕ ಚದರ ಮುಚ್ಚಳ ತೆಗೆದು ತಿರುಗಿಸಿ ಹಾಕಬೇಕು. ಹಲವು ಕಾರುಗಳಲ್ಲಿ ಅದರ ತಿರುಪು ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ.