ಕೀಲಿ ಕೊಟ್ಟರೆ ಗಾಡಿ ಮಾರಿದಂಗಲ್ಲ

ಹುಬ್ಬಳ್ಳಿಯ ಒಂದು ಸೆಕೆಂಡ್ ಹ್ಯಾಂಡ್ ಕಾರ್ ಅಂಗಡಿಯಲ್ಲಿ ಕಾಗದಪತ್ರದ ಕೆಲಸ ನನ್ನದು. ರೇಟು ಕುದುರಿದ ಮೇಲೆ ಫೈಲು ನನ್ನ ಟೇಬಲ್ಲಿಗೆ ಬರುತ್ತದೆ. ಟಿಒ (ಮಾಲೀಕರ ಹೆಸರು ವರ್ಗಾವಣೆ), ಎಚ್‌ಪಿ ಕ್ಯಾನ್ಸಲ್ (ಸಾಲ ಕೊಟ್ಟವರ ಹೆಸರನ್ನು ನೋಂದಣಿ ಪತ್ರ, ಅಂದರೆ ಆರ್‌ಸಿಯಿಂದ ತೆಗೆಸುವುದು), ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಪೆನ್ಸಿಲ್ ತಿಕ್ಕಿ ತೆಗೆದ ಚಾಸಿಸ್ ನಂಬರಿನ ಪ್ರಿಂಟ್, ಇದರಲ್ಲೇ ದಿನ ಹೋಗುತ್ತದೆ. ಈ ದಂಧೆಯಲ್ಲಿ ನನಗೆ ತಡೆಯಲಾರದ ಸಿಟ್ಟು ಬರುವುದು ಓಪನ್ ಫಾರಂ ಕಂಡರೆ. ಹೆಸರು ವರ್ಗಾವಣೆಯ ಫಾರಂ 29, 30 ಎರಡಕ್ಕೂ ಮಾರುವವರ ಸಹಿ ಇರುತ್ತದೆ, ಕೊಳ್ಳುವವರ ಹೆಸರು, ತಾರೀಖು ಖಾಲಿ. ಏಜೆಂಟರಿಗೆ ಅನುಕೂಲ. ಸಹಿ ಮಾಡಿದವರ ಗತಿ ಏನಾಗುತ್ತದೆ ಅಂತ ಹೋದ ಮಳೆಗಾಲದಲ್ಲಿ ಕಣ್ಣಾರೆ ನೋಡಿದೆ.

ಗದಗ ಕಡೆಯ ನಿವೃತ್ತ ಮಾಸ್ತರೊಬ್ಬರು ಮಗಳಿಗೊಂದು ಕಾರ್ ನೋಡಲು ಬಂದಿದ್ದರು. ಅಷ್ಟರಲ್ಲಿ ಅವರಿಗೆ ಹಾವೇರಿ ಜಿಲ್ಲೆಯ ಪೊಲೀಸ್ ಠಾಣೆಯೊಂದರಿಂದ ಫೋನ್ ಬಂತು. ನಿಮ್ಮ ಕಾರು ಹೈವೇದಾಗ ಬೈಕಿನವರಿಗೆ ಹೊಡದೈತಿ, ಇನ್ಶೂರೆನ್ಸ್ ಕಾಗದ ತೊಗೊಂಡು ಬರ್ರಿ ಅಂತ. ಅವರು ಗಾಬರಿಯಾಗಿ ನನ್ನ ಕಡೆ ತಿರುಗಿದರು: "ತಮ್ಮಾ, ಆ ಗಾಡಿ ಮಾರಿ ಭಾಳ ದಿನಾ ಆತು. ರೊಕ್ಕಾ ಎಣಿಸಿಕೊಂಡೇನಿ, ಕೀಲಿ ಕೊಟ್ಟೇನಿ, ಸೈ ಮಾಡೇನಿ."

"ನಂಬರ್ ಹೇಳ್ರಿ ಮಾಸ್ತರ್ರ, ನೋಡೋಣು" ಅಂದೆ. ಡೆಲಿವರಿ ನೋಟ್ (ಗಾಡಿ ಒಪ್ಪಿಸಿದ ಚೀಟಿ) ತೋರಿಸಿದರೆ ಮುಗಿಯುವ ವಿಷಯ ಅಂತಲೇ ನನ್ನ ಎಣಿಕೆ. ಗಾಡಿಯ ನೋಂದಣಿ ತೋರಿಸುವ ಸರ್ಕಾರಿ ಸೈಟು ತಿರುಗುತ್ತಲೇ ಇತ್ತು. ಅವಸರ ಇದ್ದಾಗಲೇ ಈ ಸರ್ವರ್ ಕೈಕೊಡುವುದು. ಕೊನೆಗೆ ಪುಟ ತೆರೆಯಿತು. ಮಾಲೀಕರ ಹೆಸರಿನ ಅರ್ಧ ಅಕ್ಷರಗಳನ್ನು ನಕ್ಷತ್ರ ಚಿಹ್ನೆ ಮುಚ್ಚಿದ್ದರೂ ಅದು ಅವರದೇ ಅಂತ ಗೊತ್ತಾಗುತ್ತಿತ್ತು. ಅದರ ಕೆಳಗೆ ಇನ್ಶೂರೆನ್ಸ್ ತಾರೀಖು, ಮುಗಿದು ಹೋಗಿತ್ತು. ನನ್ನ ಬಾಯಿ ಒಣಗಿತು. ಅವರು ಡೈರಿಯಿಂದ ಬಾಂಡ್ ಪೇಪರಿನ ಝೆರಾಕ್ಸ್ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲೇ ಬರದೈತಲ್ಲಪಾ, ಇನ್ನ ಮುಂದ ಎಲ್ಲಾ ಜವಾಬ್ದಾರಿ ತೊಗೊಂಡವರದು ಅಂತ." ಅಷ್ಟು ಸಾಕು ಅಂತ ಅವರಿಗೆ ಹೇಳಲು ನನಗೆ ಆಗಲಿಲ್ಲ.

ಏಕೆಂದರೆ ಸಾಕಾಗುವುದಿಲ್ಲ. ಆ ಕರಾರು ಮಾರಿದವರಿಗೂ ಕೊಂಡವರಿಗೂ ನಡುವಿನದು. ಗಾಯಗೊಂಡವರು ಪರಿಹಾರ ಕೇಳಿದರೆ ಕಾನೂನು ನೋಡುವುದು ನೋಂದಣಿಯಲ್ಲಿ ಯಾರ ಹೆಸರಿದೆ ಅಂತ. 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅಲ್ಲಿಯೂ ಕಾರು ಕೈಯಿಂದ ಕೈಗೆ ದಾಟಿತ್ತು, ಹೆಸರು ಮಾತ್ರ ಮೊದಲಿನವರದೇ ಉಳಿದಿತ್ತು. ಪೆಟ್ಟು ತಿಂದವರು ಗಾಡಿ ಯಾರಿಂದ ಯಾರಿಗೆ ಹೋಯಿತು ಅಂತ ಹುಡುಕುತ್ತ ಅಲೆಯಬಾರದು ಎಂಬುದು ಕೋರ್ಟಿನ ಮಾತು. ಅದು ನ್ಯಾಯವೇ. ಆದರೆ ಮಾಸ್ತರರ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ.

ಹೆಸರು ಬದಲಾಯಿಸುವುದು ಕೊಂಡವರ ಕೆಲಸ ಅಂತ ಎಲ್ಲರೂ ತಿಳಿದಿದ್ದಾರೆ. ಆದರೆ ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ, ರಾಜ್ಯದೊಳಗಿನ ವ್ಯವಹಾರವಾದರೆ ಮಾರಿದವರೇ 14 ದಿನದೊಳಗೆ ಆರ್‌ಟಿಒ ಕಚೇರಿಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ಗಾಡಿಯನ್ನು ಅಧಿಕೃತ ಡೀಲರಿಗೆ ಕೊಡುವುದಾದರೆ ಅದನ್ನು ತಿಳಿಸಲು 2023ರ ಏಪ್ರಿಲ್‌ನಿಂದ ಫಾರಂ 29ಸಿ ಬಂದಿದೆ. ಅದನ್ನು ಆನ್‌ಲೈನ್‌ನಲ್ಲಿ ಹಾಕಿಸಿಕೊಳ್ಳದೆ ಕೀಲಿ ಬಿಡಬೇಡಿ. ಆರ್‌ಸಿಗೆ ಜೋಡಿಸಿದ ಮೊಬೈಲ್ ನಂಬರು ಹಳೆಯದಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಒಟಿಪಿ ಯಾರಿಗೋ ಹೋಗುತ್ತ ನನ್ನ ಫೈಲುಗಳು ಕೊಳೆಯುವುದು ಅಲ್ಲೇ.

ಗೋವಾ, ಮಹಾರಾಷ್ಟ್ರ ಪಾಸಿಂಗ್ ಗಾಡಿ ಸೋವಿ ಸಿಕ್ಕಿತು ಅಂತ ಬರುವವರೂ ಕೇಳಿ. 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಎನ್‌ಒಸಿ ತಂದು ಕೆಎ ನಂಬರ್ ಮಾಡಿಸಬೇಕು. ಗಾಡಿಯ ವಯಸ್ಸು ನೋಡಿ ಇಲ್ಲಿಯ ಲೈಫ್ ಟ್ಯಾಕ್ಸ್ ಬೀಳುತ್ತದೆ. ಅಲ್ಲಿ ತುಂಬಿದ ತೆರಿಗೆ ಇಲ್ಲಿ ಜಮಾ ಆಗುವುದಿಲ್ಲ. ಅದನ್ನೂ ಸೇರಿಸಿ ರೇಟು ಮಾತಾಡಿ.

ಮಾಸ್ತರರ ಕೇಸು ಇನ್ನೂ ನಡೆದಿದೆ. ನಮ್ಮ ಅಂಗಡಿಯಲ್ಲಿ ಈಗ ಖಾಲಿ ಫಾರಂ ತಂದರೆ ನಾನು ಫೈಲು ಮುಟ್ಟುವುದಿಲ್ಲ. ಹೊಸ ಹೆಸರಿನ ಆರ್‌ಸಿ ಬರುವತನಕ ಕೊಂಡವರ ಒಂದಿಷ್ಟು ರೊಕ್ಕ ನಮ್ಮಲ್ಲೇ ಇರುತ್ತದೆ. "ಗಿರಾಕಿ ಬ್ಯಾರೆ ಅಂಗಡಿಗೆ ಹೊಕ್ಕಾರ" ಅಂತ ಮಾಲೀಕರು ತಿಂಗಳಿಗೊಮ್ಮೆ ಗೊಣಗುತ್ತಾರೆ. ಕೆಲವರು ಹೋಗಿಯೂ ಇದ್ದಾರೆ.