ಕೀಬೋರ್ಡ್ ಸರಿ ಇದ್ದರೂ ಅಕ್ಷರ ಯಾಕೆ ಒಡೆಯುತ್ತೆ?

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಪಕ್ಕದ ಬಿಲ್ಡಿಂಗಿನ ಕಾಕು ಧಾರವಾಡದವರು. ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾರೆ. ಆರ್ಡರ್ ಬರೆದಿಡಲು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದಾರೆ. ಹೋದ ತಿಂಗಳು ಆ ಫೋನ್ ಹಿಡಿದುಕೊಂಡು ಬಂದರು.

"ತಮ್ಮಾ, ವಾಟ್ಸಾಪ್‌ನ್ಯಾಗ ಛಂದ ಬರ್ತದ, ಇದರಾಗ ಯಾಕ ಹಿಂಗ ಬರ್ತದ? ನನ್ನ ಕೀಬೋರ್ಡ್ ಕೆಟ್ಟದೇನು?"

ನೋಡಿದೆ. ‘ಶೇ’ ಇರಬೇಕಾದ ಕಡೆ ‘ಸ್ಶ್ಶೇ’ ಅಂತಿತ್ತು.

ನಾನು ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಅಂತ ಗೊತ್ತಿರುವ ಇಲ್ಲಿನ ಕನ್ನಡದವರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ. ಕೀಬೋರ್ಡ್ ಬದಲಾಯಿಸಬೇಕಾ, ಫಾಂಟ್ ಸರಿ ಇಲ್ವಾ, ಫೋನ್ ಹಳೇದಾಯ್ತಾ ಅಂತ. ಹೆಚ್ಚಿನ ಸಲ ಇದ್ಯಾವುದೂ ಅಲ್ಲ. ತಪ್ಪು ಇರುವುದು ಆ್ಯಪ್‌ನಲ್ಲಿ, ನೀವು ಬರೆಯುವ ಆ ಪೆಟ್ಟಿಗೆಯಲ್ಲಿ.

ಕೀ ಒತ್ತಿದ ಕೂಡಲೇ ಅಕ್ಷರ ಸೀದಾ ಹೋಗಿ ಪೆಟ್ಟಿಗೆಯಲ್ಲಿ ಕೂರುತ್ತೆ ಅಂತ ನಾವು ಅಂದುಕೊಂಡಿರುತ್ತೇವೆ. ಇಂಗ್ಲಿಷ್‌ಗೆ ಹಾಗೆ ಅಂದುಕೊಂಡರೂ ನಡೆದುಹೋಗುತ್ತೆ. ಕನ್ನಡಕ್ಕೆ ನಡೆಯಲ್ಲ. ಕಾಕು ಬಳಸುವುದು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಕೀಬೋರ್ಡ್. ‘ಎಸ್’ ಒತ್ತಿದರೆ ‘ಸ್’ ಬರುತ್ತೆ. ಅದರ ಹಿಂದೆ ‘ಎಚ್’ ಒತ್ತಿದರೆ ಆ ‘ಸ್’ ಹೋಗಿ ‘ಶ್’ ಆಗಬೇಕು. ಆಮೇಲೆ ಸ್ವರ ಒತ್ತಿದರೆ ‘ಶ್’ ಹೋಗಿ ‘ಶೇ’. ಒಂದೇ ಅಕ್ಷರಕ್ಕೆ ಕೀಬೋರ್ಡ್ ಎರಡು ಸಲ ಹೇಳಬೇಕು: "ಹಿಂದೆ ಕೊಟ್ಟಿದ್ದನ್ನು ತೆಗಿ, ಅದರ ಜಾಗದಲ್ಲಿ ಇದನ್ನು ಇಡು." ಪೆಟ್ಟಿಗೆಗೆ ‘ತೆಗಿ’ ಅನ್ನುವುದು ಕೇಳಿಸದೆ ‘ಇಡು’ ಮಾತ್ರ ಕೇಳಿಸಿದರೆ? ಸ್, ಶ್, ಶೇ ಮೂರೂ ಸಾಲಾಗಿ ಉಳಿಯುತ್ತವೆ. ಕಾಕು ಪರದೆಯ ಮೇಲೆ ಇದ್ದದ್ದು ಅದೇ.

ಹೀಗೆ ಇನ್ನೂ ಬದಲಾಗಬಹುದಾದ ಅಕ್ಷರವನ್ನು ನಾನು ಕಚ್ಚಾ ಅಕ್ಷರ ಅಂತೀನಿ. ಎಷ್ಟೋ ಕಡೆ ಅದರ ಕೆಳಗೆ ಗೆರೆ ಬರುವುದನ್ನು ನೀವೂ ನೋಡಿರುತ್ತೀರಿ. ಪದ ಮುಗಿದಾಗ ಕೀಬೋರ್ಡ್ "ಇದು ಪಕ್ಕಾ" ಅನ್ನುತ್ತೆ, ಗೆರೆ ಹೋಗುತ್ತೆ. ಆಂಡ್ರಾಯ್ಡ್‌ನಲ್ಲಿ ಕಚ್ಚಾಗೆ ‘ಸೆಟ್ ಕಂಪೋಸಿಂಗ್ ಟೆಕ್ಸ್ಟ್’, ಪಕ್ಕಾಗೆ ‘ಕಮಿಟ್ ಟೆಕ್ಸ್ಟ್’ ಅಂತ ಬೇರೆ ಬೇರೆ ಆಜ್ಞೆಗಳೇ ಇವೆ. 2009ರಲ್ಲಿ ಆಂಡ್ರಾಯ್ಡ್ 1.5 ಬಂದಾಗಿನಿಂದ ಈ ವ್ಯವಸ್ಥೆ ಇದೆ. ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದಕ್ಕೂ ಮುಂಚೆಯೇ ಇತ್ತು.

ಕೀಬೋರ್ಡ್ ಹೇಳುವುದಷ್ಟೇ ಅಲ್ಲ, ಕೇಳುತ್ತೆ ಕೂಡ. ಕಗಪ ಅನ್ನುವ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ಇಂಗ್ಲಿಷಿನ ‘ಐ’ ಕೀ ಒತ್ತಿದಿರಿ ಅನ್ನಿ. ಹಿಂದೆ ‘ಕ’ ಇದ್ದರೆ ‘ಕಿ’ ಆಗಬೇಕು, ಏನೂ ಇಲ್ಲದಿದ್ದರೆ ‘ಇ’. ನೀವು ಬೆರಳಿಟ್ಟು ಕರ್ಸರನ್ನು ಬೇರೆ ಕಡೆ ಸರಿಸಿದ್ದರೆ ಅಲ್ಲಿ ಹಿಂದೆ ಏನಿದೆ ಅಂತ ಕೀಬೋರ್ಡ್‌ಗೆ ಹೇಗೆ ಗೊತ್ತಾಗಬೇಕು? ಪೆಟ್ಟಿಗೆಯನ್ನೇ ಕೇಳಬೇಕು. ಕಂಪ್ಯೂಟರ್‌ನಲ್ಲಿ ಕೀಬೋರ್ಡ್ ಸೂಚಿಸುವ ಪದಗಳ ಪಟ್ಟಿ ಕರ್ಸರ್ ಬಿಟ್ಟು ಪರದೆಯ ಯಾವುದೋ ಮೂಲೆಯಲ್ಲಿ ತೆರೆದುಕೊಳ್ಳುತ್ತಲ್ವಾ, ಅದೂ ಇಂಥದ್ದೇ. "ನೀನು ಬರೆಯುತ್ತಿರುವುದು ಎಲ್ಲಿ?" ಅಂದಾಗ ಪೆಟ್ಟಿಗೆ ಉತ್ತರ ಕೊಟ್ಟಿರುವುದಿಲ್ಲ.

ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕೀಬೋರ್ಡ್ ವಿನ್ಯಾಸದಲ್ಲಿ ಈ ತೊಂದರೆ ಕಮ್ಮಿ. ಅಲ್ಲಿ ಕೀ ಒತ್ತಿದರೆ ಗುಣಿತದ ಚಿಹ್ನೆ, ಶಿಫ್ಟ್ ಸೇರಿಸಿ ಒತ್ತಿದರೆ ಸ್ವರ. ಹಿಂದೆ ನೋಡುವ ಅಗತ್ಯವೇ ಇಲ್ಲ.

ಮತ್ತೆ ಕಾಕು ಆ್ಯಪ್ ವಿಷಯ. ಅದು ಒಳಗೆ ಒಂದು ವೆಬ್ ಪುಟ. ಪ್ರತಿ ಕೀಗೂ ಆ ಪುಟ ಬರೆದದ್ದನ್ನೆಲ್ಲ ಎತ್ತಿಕೊಂಡು, ತಪಾಸಣೆ ಮಾಡಿ, ತಾನೇ ವಾಪಸ್ ತುಂಬುತ್ತಿತ್ತು. ಕೀಬೋರ್ಡ್ ‘ಸ್’ ಇನ್ನೂ ಕಚ್ಚಾ ಅಂದುಕೊಂಡಿದೆ, ಪುಟ ಅದನ್ನು ಆಗಲೇ ಪಕ್ಕಾ ಮಾಡಿ ಕೂರಿಸಿದೆ. ಇಬ್ಬರ ಲೆಕ್ಕ ತಪ್ಪಿತು. ಬ್ರೌಸರ್ ‘ಕಾಂಪೊಸಿಷನ್ ಸ್ಟಾರ್ಟ್’, ‘ಕಾಂಪೊಸಿಷನ್ ಎಂಡ್’ ಅಂತ ಸ್ಪಷ್ಟವಾಗಿ ಸುದ್ದಿ ಕೊಡುತ್ತೆ. ಎರಡನೆಯದು ಬರುವ ತನಕ ಪುಟ ಸುಮ್ನೆ ಇದ್ದಿದ್ದರೆ ಸಾಕಿತ್ತು. ಯಾವ ಕೀ ಒತ್ತಿದರು ಅಂತ ನೋಡಿಯೇ ಅಕ್ಷರ ಹಿಡಿಯುತ್ತೇವೆ ಅನ್ನುವ ಆ್ಯಪ್‌ನವರಿಗೆ ಕೂಡ ಇಲ್ಲಿ ದಾರಿಯಿಲ್ಲ. ಆಂಡ್ರಾಯ್ಡ್‌ನಲ್ಲಿ ಯಾವ ಅಕ್ಷರ ಒತ್ತಿದರೂ ಪುಟಕ್ಕೆ ಸಾಮಾನ್ಯವಾಗಿ ತಲುಪುವುದು 229 ಅನ್ನುವ ಒಂದೇ ಸಂಖ್ಯೆ.

ನನಗೆ ನಿಜವಾಗಿ ಬೇಜಾರಾಗುವುದು ಇಲ್ಲೇ. ಇದು ಪುಣೆಯಲ್ಲಿ ಮಾರುವ ಆ್ಯಪ್. ಇಂಥ ಪೆಟ್ಟಿಗೆಯಲ್ಲಿ ಮರಾಠಿ ಕೂಡ ಒಡೆಯುತ್ತೆ. ಹೊರಗೆ ಬಿಡುವ ಮುಂಚೆ ಯಾರಾದರೂ ಒಬ್ಬರು ‘ಜ್ಞಾನೇಶ್ವರ’ ಅಂತ ಒಮ್ಮೆ ಬರೆದು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ನಿಮಗೂ ಹೀಗಾದರೆ ಮೊದಲು ಅದೇ ಕೀಬೋರ್ಡ್‌ನಲ್ಲಿ, ಅದೇ ಪದವನ್ನು ಬೇರೆ ಆ್ಯಪ್‌ನಲ್ಲಿ ಬರೆದು ನೋಡಿ. ಅಲ್ಲಿ ಸರಿ ಬಂದರೆ ಕೀಬೋರ್ಡ್ ತೆಗೆಯಬೇಡಿ. ಸ್ಕ್ರೀನ್‌ಶಾಟ್ ತೆಗೆದು, ಯಾವ ಕೀಬೋರ್ಡ್, ಏನು ಒತ್ತಿದಿರಿ, ಏನು ಬಂತು ಅಂತ ಆ್ಯಪ್‌ನವರಿಗೆ ಬರೆಯಿರಿ. ಕಾಕು ಪರವಾಗಿ ನಾನೂ ಬರೆದಿದ್ದೇನೆ. ಸರಿಯಾಗುವ ತನಕ ಅವರು ವಾಟ್ಸಾಪ್‌ನಲ್ಲಿ ಬರೆದು, ಕಾಪಿ ಮಾಡಿ ಅಲ್ಲಿಗೆ ಹಾಕುತ್ತಿದ್ದಾರೆ. ಹಾಗೆ ಹಾಕಿದ್ದು ಇಡಿಯಾಗಿ ಪಕ್ಕಾ ಆಗಿಯೇ ಹೋಗುತ್ತೆ, ನಡುವೆ ಕಚ್ಚಾ ಅನ್ನುವುದೇ ಇರುವುದಿಲ್ಲ. ಮೊನ್ನೆಯ ಪಟ್ಟಿಯಲ್ಲಿ ‘ಶೇಂಗಾ ಚಟ್ನಿ, ಅರ್ಧ ಕೆಜಿ’ ಸರಿಯಾಗಿಯೇ ಇತ್ತು.